ಲೈನ್ ಮನೆಯ ಕಲಾವಿದರನ್ನು ಊರ ಹಬ್ಬಕ್ಕೆ ಕರೆಯುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ತೀರ್ಥಹಳ್ಳಿ ತಾಲೂಕಿನ ಸಣ್ಣ ಊರು. ಸುತ್ತಲಿನ ಕಾಫಿ, ಅಡಿಕೆ ತೋಟಗಳ ಲೈನ್ ಮನೆಗಳಲ್ಲಿ (ಕೆಲಸದವರಿಗೆ ಅಂತ ಸಾಲಾಗಿ ಕಟ್ಟಿದ ಮನೆಗಳು) ಈಗ ಜಾರ್ಖಂಡ್ ಮತ್ತು ಅಸ್ಸಾಂ ಕಡೆಯ ಸುಮಾರು 40 ಜನ ಇದ್ದಾರೆ. ಸಂಜೆ ಹೊತ್ತು ಹಾಡುತ್ತಾರೆ, ಕುಣಿಯುತ್ತಾರೆ. ಒಬ್ಬರು ಮದ್ದಳೆ ಥರದ ಒಂದು ವಾದ್ಯವನ್ನು ಬಹಳ ಚೆನ್ನಾಗಿ ಬಾರಿಸುತ್ತಾರೆ. ಈ ವರ್ಷ ಗಣಪತಿ ಹಬ್ಬದಲ್ಲಿ ಆರ್ಕೆಸ್ಟ್ರಾ ಬಿಟ್ಟು ಊರ ಕಲಾ ಹಬ್ಬ ಮಾಡೋಣ, ಇವರಿಗೂ ವೇದಿಕೆ ಕೊಡೋಣ ಅಂತ ನಮ್ಮ ಸಮಿತಿಯ ಹುಡುಗರಿಗೆ ಆಸೆ. ಆದರೆ ಕೆಲವು ಹಿರಿಯರು 'ನಮ್ಮ ಮಕ್ಕಳಿಗೇ ಸ್ಟೇಜ್ ಸಿಗಲ್ಲ, ಹೊರಗಿನವರಿಗೆ ಯಾಕೆ' ಅಂತಾರೆ. ಇವರನ್ನು ಕರೆಯುವುದು ಹೇಗೆ? ಭಾಷೆ ತಿಳಿಯದೆ ನಮ್ಮ ಜನ ಕೂತು ನೋಡುತ್ತಾರಾ? ದುಡ್ಡು ಏನಾದರೂ ಕೊಡಬೇಕಾ?

ಉತ್ತರ:

ದುಡ್ಡು ಕೊಡಬೇಕು. ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಮಿಕ್ಕಿದ್ದೆಲ್ಲ ಅದರ ಬೆನ್ನಿಗೇ ಬರುತ್ತದೆ.

ನಿಮ್ಮ ಸೀಮೆಗೆ ಯಕ್ಷಗಾನ ಮೇಳ ಬಂದೇ ಬರುತ್ತದೆ ಅಲ್ವಾ? ಮಂದಾರ್ತಿ ಮೇಳವೋ ಇನ್ನೊಂದೋ. ಮೇಳ ಬರುವ ಮುಂಚೆ ನೀವು ಏನೇನು ಮಾಡುತ್ತೀರಿ ನೆನಪು ಮಾಡಿಕೊಳ್ಳಿ. ಎಷ್ಟೋ ಮುಂಚೆ ಹೋಗಿ ದಿನ ಕೇಳುತ್ತೀರಿ. ವೀಳ್ಯ, ಅಂದರೆ ಸಂಭಾವನೆ, ಎಷ್ಟು ಅಂತ ಮಾತಾಗುತ್ತದೆ. ಆಟದ ದಿನ ಕಲಾವಿದರು ಹಗಲು ಮಲಗಲು ಬಿಡಾರ, ಬಣ್ಣ ಹಚ್ಚಲು ಚೌಕಿ, ಹೊತ್ತಿಗೆ ಸರಿಯಾಗಿ ಊಟ, ಇಷ್ಟನ್ನೂ ನೋಡಿಕೊಳ್ಳದಿದ್ದರೆ ಊರಿನ ಮರ್ಯಾದೆ ಹೋಯಿತು ಅಂತಲೇ ಲೆಕ್ಕ. ಯಾರೂ ಭಾಗವತರನ್ನು 'ಪಾಪ, ಅವರಿಗೂ ಒಂದು ಅವಕಾಶ ಕೊಡೋಣ' ಅಂತ ಕರೆಯುವುದಿಲ್ಲ. ನಾನು ಹೇಳಬೇಕಾದ ಮಾತು ಇದೊಂದೇ. ಲೈನ್ ಮನೆಯ ಕಲಾವಿದರನ್ನೂ ಮೇಳ ಕರೆದ ಹಾಗೆಯೇ ಕರೆಯಿರಿ. ಹೊರಗಿನಿಂದ ಬಂದ ಕಲಾವಿದರನ್ನು ನಡೆಸಿಕೊಳ್ಳುವ ರೀತಿ ಮಲೆನಾಡಿಗೆ ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ. ನಮ್ಮಲ್ಲಿ ಅದು ಇದೆ. ಅದನ್ನು ಈ ಜನಕ್ಕೂ ಅನ್ವಯಿಸಬೇಕು, ಅಷ್ಟೇ.

ಈ ಬುದ್ಧಿ ನನಗೆ ಒಂದು ತಪ್ಪಿನಿಂದ ಬಂತು. ಕೆಲವು ವರ್ಷದ ಹಿಂದೆ ನಾನೂ ಇದ್ದ ಒಂದು ಸಮಿತಿ ಹೀಗೇ ಉತ್ಸಾಹದಲ್ಲಿ ಒಂದು ತೋಟದ ಹನ್ನೆರಡು ಜನರನ್ನು ಕುಣಿಯಲು ಕರೆಯಿತು. ಸಂಜೆ ಆರಕ್ಕೆ ಬನ್ನಿ ಅಂದೆವು. ಬಂದರು, ಹೆಂಗಸರು ಕೆಂಪು ಅಂಚಿನ ಬಿಳಿ ಸೀರೆ ಉಟ್ಟು, ತಲೆಗೆ ಹೂ ಮುಡಿದು, ಮಕ್ಕಳನ್ನೂ ಕಟ್ಟಿಕೊಂಡು ಬಂದರು. ಆಮೇಲೆ ಸ್ವಾಗತ, ಭಾಷಣ, ಸನ್ಮಾನ, ಶಾಲೆ ಮಕ್ಕಳ ಡ್ಯಾನ್ಸು, ಇನ್ನೊಂದು ಭಾಷಣ. ಅವರ ಸರದಿ ಬರುವಾಗ ರಾತ್ರಿ ಹತ್ತಕ್ಕೆ ಐದು ನಿಮಿಷ ಇತ್ತು. ಮೈಕಿನವನು ವೈರು ಸುತ್ತಲು ಶುರು ಮಾಡಿದ್ದ. ಖಾಲಿ ಕುರ್ಚಿಗಳ ಮುಂದೆ ನಾಲ್ಕು ನಿಮಿಷ ಕುಣಿದರು. ಒಂದು ಶಾಲು, ಒಂದು ತೆಂಗಿನಕಾಯಿ ಕೊಟ್ಟು ಫೋಟೋ ತೆಗೆದು ಕಳಿಸಿದೆವು. ವಾಪಸ್ ಹೋಗಲು ಗಾಡಿ ಯಾರು ಮಾಡಬೇಕು ಅಂತ ಯಾರೂ ಯೋಚಿಸಿರಲಿಲ್ಲ. ಐದು ಕಿಲೋಮೀಟರ್ ಕತ್ತಲಲ್ಲಿ, ಮಲಗಿದ ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ನಡೆದು ಹೋದರು. ಮರುದಿನ ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹಾಜರಿ. ಇದು ನನಗೆ ಗೊತ್ತಾಗಿದ್ದು ಒಂದು ವಾರ ಕಳೆದ ಮೇಲೆ. ಅವತ್ತಿನಿಂದ ಇವತ್ತಿನವರೆಗೂ ಆ ಸಂಕಟ ಹೋಗಿಲ್ಲ.

ಹಾಗಾಗಿ ಕರೆಯುವ ವಿಷಯದಿಂದಲೇ ಶುರು ಮಾಡುತ್ತೇನೆ. ನಿಮಗೆ ಮೊದಲು ಹೊಳೆಯುವ ದಾರಿ, ತೋಟದ ಮಾಲೀಕರಿಗೆ ಫೋನ್ ಮಾಡಿ 'ನಿಮ್ಮ ಆಳುಗಳನ್ನು ಸ್ವಲ್ಪ ಕಳಿಸಿಕೊಡಿ' ಅನ್ನುವುದು. ದಯವಿಟ್ಟು ಹಾಗೆ ಮಾಡಬೇಡಿ. ಮಾಲೀಕರು ಒಳ್ಳೆಯವರೇ ಇರಬಹುದು, ಖುಷಿಯಿಂದಲೇ ಒಪ್ಪಬಹುದು. ಆದರೆ ಅವರು ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಿ, ರೈಟರು ಮೇಸ್ತ್ರಿಗೆ ಹೇಳಿ, ಮೇಸ್ತ್ರಿ ಲೈನ್ ಮನೆ ಬಾಗಿಲಲ್ಲಿ ನಿಂತು ಹೇಳುವ ಹೊತ್ತಿಗೆ ಅದು ಆಮಂತ್ರಣ ಆಗಿ ಉಳಿದಿರುವುದಿಲ್ಲ, ಇನ್ನೊಂದು ಕೆಲಸ ಆಗಿರುತ್ತದೆ. ಬೇಡ ಅನ್ನುವ ಧೈರ್ಯ ಯಾರಿಗೆ ಬರುತ್ತದೆ ಹೇಳಿ. ಮೊದಲು ಕಲಾವಿದರನ್ನೇ ಕೇಳಬೇಕು. ಅವರು ಹೂಂ ಅಂದ ಮೇಲೆ ಮಾಲೀಕರ ಹತ್ತಿರ ಹೋಗಿ, ರಜೆ ವಿಷಯ ಮಾತಾಡಿ, ಸಾಧ್ಯವಾದರೆ ಆ ದಿನದ ಸಂಬಳ ಹಿಡಿಯಬೇಡಿ ಅಂತ ಕೇಳಿ.

ಹೋಗುವುದಾದರೆ ಸಂತೆ ದಿನ ಹೋಗಿ. ಬಟವಾಡೆ ಆಗಿರುತ್ತದೆ, ಕೆಲಸ ಇರುವುದಿಲ್ಲ, ಬಟ್ಟೆ ಒಗೆದು ಅಡುಗೆ ಮಾಡಿ ಮಧ್ಯಾಹ್ನ ಸ್ವಲ್ಪ ಆರಾಮಾಗಿ ಕೂತಿರುತ್ತಾರೆ. ಹತ್ತು ಜನ ಬೈಕಿನಲ್ಲಿ ದಂಡು ಕಟ್ಟಿಕೊಂಡು ಹೋಗಬೇಡಿ, ಹೆದರುತ್ತಾರೆ. ಬೇರೆ ರಾಜ್ಯದಿಂದ ಬಂದವರ ಮನೆ ಬಾಗಿಲಿಗೆ ಗುಂಪು ಬಂದರೆ ಅದು ಆಧಾರ್ ಕೇಳಲು, ಎಲ್ಲಿಯವರು ಅಂತ ವಿಚಾರಿಸಲು ಅಂತಲೇ ಅವರ ಅನುಭವ. ಇಬ್ಬರು ಹೋಗಿ, ಅದರಲ್ಲಿ ಒಬ್ಬರು ಹೆಂಗಸಾದರೆ ಒಳ್ಳೆಯದು. ಮೊದಲ ಸಲ ಹಬ್ಬದ ಮಾತು ಎತ್ತದೇ ಇದ್ದರೂ ಪರವಾಗಿಲ್ಲ. ನಿಮ್ಮೂರು ಯಾವುದು, ನಿಮ್ಮ ಕಡೆ ಈಗ ಯಾವ ಹಬ್ಬ, ಇದು ಯಾರು ಕಟ್ಟಿದ ಹಾಡು ಅಂತ ಕೇಳಿ. ಇನ್ನೊಂದು ವಿಷಯ. ಈ ಜನರಲ್ಲಿ ಎಷ್ಟೋ ಮನೆಗಳ ಮಕ್ಕಳು ನಮ್ಮ ಸರ್ಕಾರಿ ಶಾಲೆಗೆ ಬರುತ್ತಾರೆ, ಪಟಪಟ ಅಂತ ಕನ್ನಡ ಮಾತಾಡುತ್ತಾರೆ. ನಿಮ್ಮ ಶಾಲೆಯ ಟೀಚರನ್ನು ಕೇಳಿದರೆ ಸಾಕು, ನಿಮಗೆ ದುಭಾಷಿ ಸಿಕ್ಕ ಹಾಗೆ.

ಅವರು ಯಾರು ಅಂತ ಸರಿಯಾಗಿ ತಿಳಿದುಕೊಳ್ಳುವುದು ಬಹಳ ಮುಖ್ಯ. ನಮ್ಮಲ್ಲಿ ಉತ್ತರದಿಂದ ಬಂದವರನ್ನೆಲ್ಲ ಸುಮ್ನೆ 'ಬಿಹಾರಿಗಳು', 'ಹಿಂದಿಯವರು' ಅಂದುಬಿಡುವ ಅಭ್ಯಾಸ ಇದೆ. ಜಾರ್ಖಂಡಿನಿಂದ ಬಂದವರಲ್ಲಿ ಸಂತಾಲರು ಇರಬಹುದು, ಮುಂಡಾ ಜನ ಇರಬಹುದು, ಓರಾಂವ್ ಜನ ಇರಬಹುದು. ಅವರವರ ಮನೆಮಾತು ಬೇರೆ ಬೇರೆ. ಒಬ್ಬರಿಗೊಬ್ಬರು ಮಾತಾಡಲು ಸಾದರಿ ಅನ್ನುವ ಮಾತು ಬಳಸುತ್ತಾರೆ. ಸಂತಾಲಿ, ಮುಂಡಾರಿ ಮಾತುಗಳಿಗೂ ನಮ್ಮ ಕನ್ನಡಕ್ಕೂ ಸಂಬಂಧ ಇಲ್ಲ, ಅವು ಬೇರೆಯೇ ಕುಟುಂಬದವು. ಆದರೆ ಓರಾಂವ್ ಜನರ ಕುಡುಖ್ ಭಾಷೆ ದ್ರಾವಿಡ ಕುಟುಂಬದ್ದು, ಕನ್ನಡದ ದೂರದ ನೆಂಟ. ನಾವು 'ನೀನು' ಅಂದರೆ ಅವರು 'ನೀನ್' ಅನ್ನುತ್ತಾರೆ. 'ನಾವು' ಅನ್ನಲು ಅವರಲ್ಲಿ ಎರಡು ಪದ. ಎದುರಿಗೆ ನಿಂತವರನ್ನು ಬಿಟ್ಟು ನಾವು ಅನ್ನಲು 'ಏಮ್', ಎದುರಿಗಿರುವ ನೀನೂ ಸೇರಿ ನಾವು ಅನ್ನಲು 'ನಾಮ್'. ಇದನ್ನು ಮೊದಲ ಸಲ ಕೇಳಿದಾಗ ನನಗೆ ಮೈ ಜುಂ ಅಂದಿತ್ತು. ಭಾಷೆ ತಿಳಿಯದೆ ಜನ ನೋಡುತ್ತಾರಾ ಅಂತ ಕೇಳಿದಿರಲ್ಲ, ನಿರೂಪಣೆ ಮಾಡುವ ನಿಮ್ಮ ಹುಡುಗ ಈ ಎರಡು ಪದ ಹೇಳಿ ಹಾಡು ಶುರು ಮಾಡಿಸಲಿ, ಆಮೇಲೆ ನೋಡಿ ಜನ ಹೇಗೆ ಕಿವಿ ಕೊಡುತ್ತಾರೆ ಅಂತ.

ಅಸ್ಸಾಮಿನಿಂದ ಬಂದವರ ಕಥೆ ಇನ್ನೂ ಉದ್ದ ಇರಬಹುದು. ಬ್ರಿಟಿಷರು ಅಸ್ಸಾಮಿನಲ್ಲಿ ಟೀ ತೋಟ ಮಾಡಿದಾಗ 19ನೇ ಶತಮಾನದಲ್ಲಿ ಛೋಟಾ ನಾಗಪುರದ ಬೆಟ್ಟಗಳಿಂದ, ಅಂದರೆ ಈಗಿನ ಜಾರ್ಖಂಡ್ ಕಡೆಯಿಂದ, ಸಾವಿರಗಟ್ಟಲೆ ಜನರನ್ನು ಕೂಲಿಗೆ ಕರೆದುಕೊಂಡು ಹೋದರು. ಅವರ ಜೊತೆ ಝುಮುರ್ ಹಾಡು ಕುಣಿತ ಟೀ ತೋಟಕ್ಕೆ ಹೋಯಿತು. ಟೀ ತೋಟದ ಕಷ್ಟ, ಮೋಸ, ಬಿಟ್ಟು ಬಂದ ಊರಿನ ನೆನಪು ಎಲ್ಲ ಆ ಹಾಡಿನೊಳಗೆ ಸೇರಿಕೊಂಡಿತು. ಈಗ ಅವರ ಮಕ್ಕಳ ಮೊಮ್ಮಕ್ಕಳು ನಮ್ಮ ಕಾಫಿ ತೋಟಕ್ಕೆ ಬಂದಿದ್ದಾರೆ. ಎರಡು ಸಲ ಊರು ಬಿಟ್ಟ ಹಾಡು ಅದು.

ಇನ್ನು ಸ್ಟೇಜ್ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಏಕೆಂದರೆ ಒಳ್ಳೆಯ ಮನಸ್ಸಿನವರು ಎಡವುವುದು ಇಲ್ಲಿಯೇ. ವೇದಿಕೆ ಕೊಡುವುದೇ ದೊಡ್ಡ ಗೌರವ ಅಂತ ನಾವು ತಿಳಿದಿದ್ದೇವೆ. ಆದರೆ ಝುಮುರ್ ವೇದಿಕೆಗೆ ಹುಟ್ಟಿದ ಕುಣಿತ ಅಲ್ಲ. ಹೆಂಗಸರು ಒಬ್ಬರ ಸೊಂಟಕ್ಕೆ ಒಬ್ಬರು ಕೈ ಹಾಕಿ ಸಾಲಾಗಿ ನಿಲ್ಲುತ್ತಾರೆ. ಸಾಲು ಅರ್ಧಚಂದ್ರದ ಹಾಗೆ ಬಾಗಿ ಬಾಗಿ ಮುಂದೆ ಹಿಂದೆ ಸರಿಯುತ್ತದೆ, ವಾದ್ಯದವರು ನಡುವೆ ಇರುತ್ತಾರೆ, ಯಾರು ಬೇಕಾದರೂ ಬಂದು ಸಾಲಿನ ತುದಿಗೆ ಸೇರಬಹುದು. ಒಂದು ಹಾಡು ಕಾವೇರಲು ಹತ್ತು ಹದಿನೈದು ನಿಮಿಷ ಬೇಕು. ಅದನ್ನು ತಂದು ಹದಿನಾರು ಅಡಿ ಸ್ಟೇಜಿನ ಮೇಲೆ, ಜನರ ಕಡೆ ಮುಖ ಮಾಡಿ ನಿಲ್ಲಿಸಿ, ನಾಲ್ಕು ನಿಮಿಷದಲ್ಲಿ ಮುಗಿಸಿ ಅಂದರೆ ಏನು ಉಳಿಯುತ್ತದೆ? ನಮ್ಮ ಅಂಟಿಗೆ ಪಂಟಿಗೆಯವರನ್ನೇ ನೆನೆಸಿಕೊಳ್ಳಿ. ದೀಪಾವಳಿ ರಾತ್ರಿ ಮನೆ ಮನೆಗೆ ಜ್ಯೋತಿ ಹಿಡಿದು ಹಾಡುತ್ತಾ ಬರುವ ಅವರನ್ನು ಲೈಟಿನ ಕೆಳಗೆ ಕೂರಿಸಿ ಎರಡು ಪದ ಹೇಳಿಸಿದರೆ ಹಾಡು ಅದೇ ಇರಬಹುದು, ಆದರೆ ಬಾಗಿಲು ತೆಗೆಯುವ ಮನೆಯೇ ಇಲ್ಲವಲ್ಲ.

ಆದ್ದರಿಂದ ಅವರಿಗೆ ಅಂಗಳ ಕೊಡಿ. ಶಾಲೆ ಮೈದಾನದಲ್ಲಿ ಒಂದು ದೊಡ್ಡ ವೃತ್ತ ಬಿಟ್ಟು ಸುತ್ತ ಚಾಪೆ ಹಾಸಿ, ಮುದುಕರಿಗೆ ಕುರ್ಚಿ ಇಡಿ. ಮೇಲೆ ಸೋಗೆ ಚಪ್ಪರ ಹಾಕಿ, ಹಬ್ಬ ಮಳೆಗಾಲದ ಕೊನೆಗಾದರೆ ತಗಡಿನ ಶೀಟೇ ಬೇಕು. ನಿಮ್ಮ ಡೊಳ್ಳಿನ ತಂಡವೂ ಅಲ್ಲೇ ಬಾರಿಸಲಿ, ಕೋಲಾಟವೂ ಅಲ್ಲೇ ಆಗಲಿ. ಆಗ ಯಾರಿಗೂ ನಾವು ಕೆಳಗೆ ಅವರು ಮೇಲೆ ಅನ್ನಿಸುವುದಿಲ್ಲ. ನೆಲ ಗಟ್ಟಿ ಇರಲಿ, ಜಲ್ಲಿ ಕಲ್ಲು ಇರಬಾರದು. ಅವರು ಬರಿಗಾಲಲ್ಲಿ ಕುಣಿಯುತ್ತಾರೆ.

ನೀವು ಮದ್ದಳೆ ಥರದ್ದು ಅಂದ ವಾದ್ಯ ಬಹುಶಃ ಮಾದಲ್. ಜಾರ್ಖಂಡಿನಲ್ಲಿ ಮಾಂದರ್ ಅನ್ನುತ್ತಾರೆ. ಮಣ್ಣಿನ ಮೈ, ಎರಡೂ ಕಡೆ ಚರ್ಮ. ರೈಲಿನಲ್ಲಿ ಮೂರು ದಿನ ಒಡೆಯದ ಹಾಗೆ ಅದನ್ನು ತಂದಿದ್ದಾರೆ ಅಂದರೆ ಬಟ್ಟೆ ಬರೆಗಿಂತ ಅದನ್ನೇ ಜೋಪಾನ ಮಾಡಿದ್ದಾರೆ ಅಂತ ಅರ್ಥ. ನಮ್ಮ ಮಲೆನಾಡಿನ ಮಳೆ ಅಂತಹ ವಾದ್ಯಕ್ಕೆ ವೈರಿ. ಚರ್ಮ ಥಂಡಿ ಹಿಡಿದು ಸಡಿಲ ಆದರೆ ದನಿಯೇ ಏಳುವುದಿಲ್ಲ. ಚೌಕಿಯಲ್ಲಿ ಒಂದು ಬಾಂಡ್ಲಿ ತುಂಬ ಕೆಂಡ ಇಟ್ಟುಕೊಡಿ, ತಮಟೆಯವರಿಗೆ ಇಡುತ್ತೀರಲ್ಲ ಹಾಗೆ. ಅವರೇ ಎಷ್ಟು ದೂರ ಹಿಡಿದು ಹದ ಮಾಡಬೇಕೋ ಮಾಡಿಕೊಳ್ಳುತ್ತಾರೆ. ಮೈಕಿನವರಿಗೆ ಮುಂಚೆಯೇ ಹೇಳಿ, ಮಾದಲ್ ಮುಂದೆ ಮೈಕ್ ಒತ್ತಿ ಇಟ್ಟು ಹಾಡು ಮುಚ್ಚಿಹೋಗುವ ಹಾಗೆ ಮಾಡಬಾರದು. ಹಾಡುವವರಿಗೆ ಎರಡು ಮೈಕ್ ಇದ್ದರೆ ಬೇಕಾದಷ್ಟಾಯಿತು.

ಗಣಪತಿ ಹಬ್ಬ ಅಂದಿರಿ. ಇಲ್ಲಿ ನಿಮಗೆ ಗೊತ್ತಿರಲಾರದ ಒಂದು ಸಂಗತಿ ಇದೆ. ಜಾರ್ಖಂಡಿನ ಆದಿವಾಸಿಗಳಿಗೆ ಬಹಳ ದೊಡ್ಡ ಹಬ್ಬ ಕರಂ. ಅದು ಬರುವುದು ಭಾದ್ರಪದ ಶುಕ್ಲ ಏಕಾದಶಿಗೆ, ಅಂದರೆ ನಮ್ಮ ಚೌತಿ ಆಗಿ ಏಳು ದಿನಕ್ಕೆ. ನೀವು ಒಂಬತ್ತು ದಿನ, ಹನ್ನೊಂದು ದಿನ ಗಣಪತಿ ಕೂರಿಸುವವರಾದರೆ ಅದು ನಿಮ್ಮ ಹಬ್ಬದ ಒಳಗೇ ಬರುತ್ತದೆ. ಹೆಣ್ಣುಮಕ್ಕಳು ಮುಂಚಿನಿಂದಲೇ ಬುಟ್ಟಿಯಲ್ಲಿ ಮರಳು ತುಂಬಿ ಕಾಳು ಬಿತ್ತಿ ಮೊಳಕೆ ಬರಿಸುತ್ತಾರೆ. ಆ ದಿನ ಕರಂ ಮರದ ಕೊಂಬೆ ತಂದು ಅಂಗಳದ ನಡುವೆ ನೆಟ್ಟು ಪೂಜೆ ಮಾಡಿ, ಕಥೆ ಹೇಳಿ, ರಾತ್ರಿ ಇಡೀ ಅದರ ಸುತ್ತ ಕುಣಿಯುತ್ತಾರೆ. ಮರುದಿನ ಕೊಂಬೆಯನ್ನು ನೀರಿಗೆ ಬಿಡುತ್ತಾರೆ. ಆ ಕರಂ ಮರ ನಮ್ಮ ಕಾಡಿನಲ್ಲೂ ಇದೆ. ಹೆದ್ದಿ, ಅರಿಶಿನ ತೇಗ ಅಂತ ಹಳೆಯ ಜನ ಕರೆಯುತ್ತಿದ್ದರು. ಹಳದಿ ಬಣ್ಣದ ಮರ, ದುಂಡಗೆ ಉಂಡೆ ಕಟ್ಟಿದ ಹಾಗೆ ಹೂ ಬಿಡುತ್ತದೆ.

ಇದನ್ನು ಓದಿದ ಕೂಡಲೇ ನಿಮ್ಮ ಹುಡುಗರಿಗೆ 'ಹಾಗಾದರೆ ಗಣಪತಿ ಪೆಂಡಾಲಿನಲ್ಲೇ ಕರಂ ಮಾಡಿಸೋಣ' ಅನ್ನಿಸುತ್ತದೆ. ಸ್ವಲ್ಪ ತಡೆಯಿರಿ. ಕರಂ ಒಂದು ಪೂಜೆ. ಅದನ್ನು ಕಾರ್ಯಕ್ರಮದ ಪಟ್ಟಿಯಲ್ಲಿ ಏಳನೇ ನಂಬರಿಗೆ ಹಾಕುವುದು ಸರಿಯಲ್ಲ. ಇವರಲ್ಲಿ ಸರ್ನಾ ಅಂತ ತಮ್ಮದೇ ಪದ್ಧತಿ ಇರುವವರಿದ್ದಾರೆ, ಕ್ರೈಸ್ತರಿದ್ದಾರೆ, ಹಿಂದೂ ದೇವರಿಗೆ ನಡೆದುಕೊಳ್ಳುವವರೂ ಇದ್ದಾರೆ. ಗಣಪತಿ ಮುಂದೆ ಕುಣಿಯಲು ಕೆಲವರಿಗೆ ಖುಷಿ, ಕೆಲವರಿಗೆ ಮುಜುಗರ. ನೀವು ಊಹೆ ಮಾಡಬೇಡಿ, ಕೇಳಿ.

ನನ್ನ ಸಲಹೆ ಬೇರೆ. ಈ ಎರಡನ್ನೂ ಬೇರೆ ಬೇರೆ ಇಡಿ. ಏಕಾದಶಿಯ ರಾತ್ರಿ ಅವರು ಕರಂ ಮಾಡುವುದಾದರೆ ಜಾಗ, ಬೆಳಕು, ನೀರು, ಬೇಕಾದ ಅಕ್ಕಿ ಬೇಳೆ ಅಂತ ಸಹಾಯ ಮಾಡಿ. ಹೆದ್ದಿ ಮರ ತೋಟದಲ್ಲೇ ಇದ್ದರೆ ಮಾಲೀಕರನ್ನು ಕೇಳಿ ಒಂದು ಕೊಂಬೆ ಕೊಡಿಸಿ, ಕಾಯ್ದಿಟ್ಟ ಅರಣ್ಯದಿಂದ ಕಡಿದು ತರಲು ಬಿಟ್ಟು ಅವರನ್ನು ಕೇಸಿಗೆ ಸಿಕ್ಕಿಸಬೇಡಿ. ಅವತ್ತು ನೀವು ಅವರ ನೆಂಟರಾಗಿ ಹೋಗಿ, ಕೂತು ನೋಡಿ, ಕೊಟ್ಟದ್ದನ್ನು ತಿಂದು ಬನ್ನಿ. ಕಲಾ ಹಬ್ಬವನ್ನು ಮಳೆಗಾಲ ಕಳೆದು, ಕಾಫಿ ಕೊಯ್ಲು ಅಡಿಕೆ ಕೊಯ್ಲು ಎರಡೂ ಮುಗಿದ ಮೇಲೆ, ಫೆಬ್ರುವರಿ ಕೊನೆ ಅಥವಾ ಮಾರ್ಚ್ ಮೊದಲಿಗೆ ಇಟ್ಟುಕೊಳ್ಳಿ. ಆಗ ಅಂಗಳ ಒಣಗಿರುತ್ತದೆ, ವಾದ್ಯ ಟಣ್ ಅನ್ನುತ್ತದೆ, ಕೆಲಸದ ಒತ್ತಡ ಇರುವುದಿಲ್ಲ. ಕೊಯ್ಲು ಮುಗಿದ ಕೂಡಲೇ ಕೆಲವರು ಊರಿಗೆ ಹೊರಡುತ್ತಾರೆ, ಹಾಗಾಗಿ ರೈಲ್ವೆ ಟಿಕೆಟ್ ಮಾಡಿಸುವ ಮುಂಚೆಯೇ ದಿನ ಹೇಳಿರಬೇಕು. ಈ ವರ್ಷ ಗಣಪತಿಯಲ್ಲೇ ಮಾಡಬೇಕು ಅಂತ ಹುಡುಗರು ಹಟ ಹಿಡಿದರೆ, ಸಣ್ಣದಾಗಿ ಒಂದು ಸಂಜೆ ಮಾಡಿ. ಆದರೆ ಅವರ ಸರದಿ ಏಳೂವರೆಗೆ ಇರಲಿ, ಭಾಷಣ ಎಲ್ಲ ಆಮೇಲೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮೈಕ್ ಹಾಕುವ ಹಾಗಿಲ್ಲ ಅನ್ನುವ ಕಾನೂನು ನಿಮಗೆ ಗೊತ್ತೇ ಇದೆ. ಅದು ಕೊನೆಗೆ ಉಳಿದವರ ಕುತ್ತಿಗೆಗೆ ಬರುತ್ತದೆ, ಮತ್ತು ಕೊನೆಗೆ ಉಳಿಯುವವರು ಯಾವಾಗಲೂ ಜೋರು ಮಾಡಲು ಬಾರದವರೇ.

ವೀಳ್ಯದ ಲೆಕ್ಕ ಹೇಗೆ ಮಾಡುವುದು? ನಾನು ಮಾಡುವ ರೀತಿ ಹೇಳುತ್ತೇನೆ. ಹನ್ನೆರಡು ಜನರ ತಂಡ ಅಂದುಕೊಳ್ಳಿ. ಹಬ್ಬದ ದಿನ ಮಧ್ಯಾಹ್ನದಿಂದ ಕೆಲಸ ಬಿಡಬೇಕು, ಮರುದಿನ ಬೆಳಗ್ಗೆ ಬೇಗ ಏಳಲು ಆಗುವುದಿಲ್ಲ. ಅಂದರೆ ಎರಡು ದಿನದ ಕೂಲಿ ಒಬ್ಬೊಬ್ಬರಿಗೆ ಹೋಯಿತು. ಅಭ್ಯಾಸಕ್ಕೆ ಮೂರು ಸಂಜೆ ಬೇಕು, ಅದಕ್ಕೂ ಲೆಕ್ಕ ಹಾಕಿ. ಇದಿಷ್ಟು ಬರೀ ನಷ್ಟ ತುಂಬಿಕೊಟ್ಟ ಹಾಗೆ. ಇದರ ಮೇಲೆ ಕಲೆಗೆ ಅಂತ ಬೇರೆ ಕೊಡಬೇಕು. ನಿಮ್ಮ ಜಿಲ್ಲೆಯ ಡೊಳ್ಳಿನ ತಂಡಕ್ಕೆ ತಲೆಗೆ ಎಷ್ಟು ಕೊಡುತ್ತೀರೋ ಅಷ್ಟೇ ಇವರಿಗೂ. ಒಂದು ರೂಪಾಯಿ ಕಡಿಮೆ ಬೇಡ. ಆರ್ಕೆಸ್ಟ್ರಾ ಬಿಟ್ಟಿದ್ದರಿಂದ ಉಳಿದ ದುಡ್ಡಿನಲ್ಲಿ ಇದು ಆರಾಮಾಗಿ ಆಗುತ್ತದೆ. ಮಾತಾದ ಮೊತ್ತವನ್ನು ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆಯವರು ಸಹಿ ಮಾಡಿ, ಅರ್ಧ ಮುಂಗಡ ಕೊಡಿ. ದುಡ್ಡು ಮೇಸ್ತ್ರಿ ಕೈಗೆ ಕೊಡಬೇಡಿ, ಗುಂಪಿನ ಒಬ್ಬ ಗಂಡಸಿನ ಕೈಗೂ ಎಲ್ಲವನ್ನೂ ಕೊಡಬೇಡಿ. ಅವರವರ ಫೋನಿಗೆ ಅಥವಾ ಅವರವರ ಕೈಗೆ ಕೊಡಿ. ಕುಣಿದ ಹೆಂಗಸರಿಗೆ ಅವರ ಹೆಸರಲ್ಲೇ ಹೋಗಬೇಕು. ವಾಪಸ್ ಬಿಡಲು ಜೀಪು ಯಾರದ್ದು, ಡ್ರೈವರ್ ಯಾರು ಅಂತ ಮುಂಚೆಯೇ ಗೊತ್ತು ಮಾಡಿಡಿ. ಊಟಕ್ಕೆ ಏನು ಬೇಕು ಅಂತಲೂ ಕೇಳಿ.

ಕರಪತ್ರದಲ್ಲಿ 'ಕೂಲಿ ಕಾರ್ಮಿಕರಿಂದ ನೃತ್ಯ' ಅಂತ ಹಾಕಬೇಡಿ. ಭಾಗವತರ ಹೆಸರು, ಮದ್ದಳೆಯವರ ಹೆಸರು ಹಾಕುವ ಹಾಗೆ ಇವರ ಒಬ್ಬೊಬ್ಬರ ಹೆಸರು, ಊರು, ಜಿಲ್ಲೆ ಹಾಕಿ. ಅಕ್ಷರ ಸರಿಯಾಗಿದೆಯಾ ಅಂತ ಅವರ ಎದುರಿಗೇ ಓದಿ ಕೇಳಿಸಿ. ಹೆಸರು ಹಾಕುವುದು ಬೇಡ ಅಂತ ಯಾರಾದರೂ ಅಂದರೆ ಯಾಕೆ ಅಂತ ಒತ್ತಾಯ ಮಾಡಬೇಡಿ.

ವಿಡಿಯೋ ವಿಷಯವೂ ಹೀಗೇ. ಈಗ ಎಲ್ಲರ ಕೈಯಲ್ಲೂ ಫೋನ್, ನಾಳೆ ಬೆಳಗಾಗುವುದರೊಳಗೆ ಯೂಟ್ಯೂಬಿನಲ್ಲಿ ಇರುತ್ತದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶನ ಮಾಡಿದವರಿಗೂ ಹಕ್ಕು ಇದೆ. ಹಾಡಿದವರ, ಕುಣಿದವರ, ಬಾರಿಸಿದವರ ಒಪ್ಪಿಗೆ ಇಲ್ಲದೆ ಅದನ್ನು ರೆಕಾರ್ಡ್ ಮಾಡಿ ಹಂಚುವ ಹಾಗಿಲ್ಲ, ಆ ಹಕ್ಕು 50 ವರ್ಷ ಇರುತ್ತದೆ. ಸಮಿತಿಯಿಂದ ಒಬ್ಬರೇ ವಿಡಿಯೋ ಮಾಡಲಿ, ಎಲ್ಲಿ ಹಾಕುತ್ತೇವೆ ಅಂತ ಹೇಳಿ ಒಪ್ಪಿಗೆ ಪಡೆಯಲಿ, ಮತ್ತು ಪೂರ್ತಿ ವಿಡಿಯೋದ ಒಂದು ಪ್ರತಿಯನ್ನು ಅವರ ಫೋನಿಗೆ ಹಾಕಿ ಕೊಡಲಿ. ಇದು ಬರೀ ಕಾನೂನಿನ ಮಾತಲ್ಲ. ಊರಲ್ಲಿ ಬಿಟ್ಟು ಬಂದ ಅಮ್ಮನಿಗೆ ಕಳಿಸಲು ಅವರಿಗೆ ಅದು ಬೇಕು.

ಈಗ ನಿಮ್ಮ ಹಿರಿಯರ ಪ್ರಶ್ನೆ. 'ನಮ್ಮ ಮಕ್ಕಳಿಗೇ ಸ್ಟೇಜ್ ಸಿಗಲ್ಲ.' ಅದನ್ನು ತಳ್ಳಿಹಾಕಬೇಡಿ, ಆ ನೋವು ನಿಜವಾದದ್ದೇ. ಆದರೆ ಸ್ಟೇಜ್ ತಿಂದವರು ಲೈನ್ ಮನೆಯವರಾ? ಇಷ್ಟು ವರ್ಷ ಅದನ್ನು ತಿಂದದ್ದು ಬಾಡಿಗೆ ಆರ್ಕೆಸ್ಟ್ರಾ, ಡಿಜೆ ಮತ್ತು ಒಂದೂವರೆ ಗಂಟೆಯ ಭಾಷಣ. ಅದನ್ನು ಕಡಿಮೆ ಮಾಡಿದರೆ ಇಬ್ಬರಿಗೂ ಜಾಗ ಆಗುತ್ತದೆ.

ಹೊರಗಿನವರು ಅನ್ನುವ ಮಾತಿಗೂ ಹಿರಿಯರ ಜೊತೆ ಕೂತು ಒಂದು ಸಂಜೆ ಮಾತಾಡಿ. ನಮ್ಮ ತೋಟಗಳಿಗೆ ಒಂದು ಕಾಲದಲ್ಲಿ ಘಟ್ಟದ ಕೆಳಗಿನಿಂದ ತುಳು ಮಾತಾಡುವ ಜನ ಕೆಲಸಕ್ಕೆ ಹತ್ತಿ ಬಂದರು, ಅವರಿಗೆ ಅದು 'ಘಟ್ಟಕ್ಕೆ ಹೋಗುವುದು'. ಅವರಲ್ಲಿ ಎಷ್ಟೋ ಜನ ಇಲ್ಲೇ ನಿಂತರು. ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದ ಮೇಲೆ ತಮಿಳರು, ತೆಲುಗರು, ಮಲಯಾಳಿಗಳು ಬಂದು ಆ ಊರು ಊರಾಯಿತು. ಬಯಲುಸೀಮೆಯಿಂದ ಕೆಲಸಕ್ಕೆ ಬರುವವರು ಗೀಗೀ ಪದ, ಡೊಳ್ಳಿನ ಪದ, ಹಂತಿ ಪದ ತರುತ್ತಾರೆ, ಅವರನ್ನೂ ನಾವು ಕೇಳಿಸಿಕೊಂಡಿಲ್ಲ, ಅವರನ್ನೂ ನಿಮ್ಮ ಹಬ್ಬಕ್ಕೆ ಕರೆಯಬೇಕು. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ 1964ರಲ್ಲಿ ನೀರು ನಿಂತಾಗ ಶರಾವತಿ ಕಣಿವೆಯ ನಮ್ಮದೇ ಜನ ಮನೆ ಮಾರು ಮುಳುಗಿಸಿಕೊಂಡು ಗುರುತಿಲ್ಲದ ಊರುಗಳಿಗೆ ಹೋದರಲ್ಲ. ಅವರ ಮನೆಯ ಅಜ್ಜಿಯರು ಯಾರಾದರೂ ನಿಮ್ಮ ಸುತ್ತ ಇದ್ದರೆ ಸಮಿತಿಯ ಸಭೆಗೆ ಕರೆಸಿ. ಹೊಸ ಊರಲ್ಲಿ ಮೊದಲ ಸಲ ತಮ್ಮ ಹಾಡು ಹೇಳಿದಾಗ ಯಾರು ಕೂತು ಕೇಳಿದರು, ಯಾರು ನಕ್ಕರು ಅಂತ ಅವರಿಗೆ ಇನ್ನೂ ನೆನಪಿರುತ್ತದೆ.

ಕೇಳಿಸಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಕಣ್ಣೆದುರೇ ಉದಾಹರಣೆ ಇದೆ. ಹೆಗ್ಗೋಡಿನ ನೀನಾಸಂ 1949ರಲ್ಲಿ ಶುರುವಾದ ಹಳ್ಳಿಯ ಸಂಘ. ಅಲ್ಲಿಯವರು 1980ರ ದಶಕದಲ್ಲಿ ಉತ್ತರ ಕನ್ನಡದ ಮಂಚಿಕೇರಿಗೆ ಹೋಗಿ ಸಿದ್ದಿ ಜನರ ಜೊತೆ ನಾಟಕ ಕಟ್ಟಿದರು. ಸಿದ್ದಿಗಳ ಹಿರಿಯರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ಇಲ್ಲಿಯ ಕಾಡಂಚಿನಲ್ಲಿ ಇಷ್ಟು ಕಾಲ ಇದ್ದರೂ ಅವರನ್ನು ಕಲಾವಿದರು ಅಂತ ನೋಡಿದವರು ಕಡಿಮೆ. ಆಮೇಲೆ ಆ ಸಮುದಾಯದ ಹುಡುಗ ಹುಡುಗಿಯರು ಹೆಗ್ಗೋಡಿಗೆ ಬಂದು ರಂಗಶಿಕ್ಷಣ ಪಡೆದರು, ಇವತ್ತು ಕನ್ನಡ ರಂಗಭೂಮಿಯಲ್ಲಿ ಸಿದ್ದಿ ನಟ ನಟಿಯರು ಇದ್ದಾರೆ. ಅದು ಒಂದು ಸಂಜೆಯ ಕಾರ್ಯಕ್ರಮದಿಂದ ಆದದ್ದಲ್ಲ. ಹೋಗಿ ಅವರ ಜೊತೆ ದಿನಗಟ್ಟಲೆ ಕೂತಿದ್ದರಿಂದ ಆದದ್ದು. ಟಿಬೆಟಿನವರದ್ದು ಇನ್ನೊಂದು ಥರ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಕೆಲವೇ ತಿಂಗಳಲ್ಲಿ, ಇನ್ನೂ ಜನಕ್ಕೆ ನೆಟ್ಟಗೆ ಸೂರು ಇಲ್ಲದಾಗಲೇ, ಕಾಲಿಂಪಾಂಗ್‌ನಲ್ಲಿ ತಮ್ಮ ಹಾಡು ನಾಟಕ ಉಳಿಸಲು ಒಂದು ಸಂಸ್ಥೆ ಕಟ್ಟಿಕೊಂಡರು. ಊರು ಬಿಟ್ಟು ಬಂದ ಜನಕ್ಕೆ ಹಾಡು ಅಂದರೆ ಬೇಸರ ಕಳೆಯುವ ಸಾಧನ ಅಂತ ನಾವು ತಿಳಿಯಬಾರದು.

ಅದಕ್ಕೇ ಹಬ್ಬ ಮುಗಿದ ಮೇಲೆ ಏನು ಅನ್ನುವುದು ನನಗೆ ಹಬ್ಬಕ್ಕಿಂತ ಮುಖ್ಯ. ನಿಮ್ಮೂರಲ್ಲಿ ಸಮುದಾಯ ಭವನ ಇದ್ದರೆ ವಾರಕ್ಕೆ ಒಂದು ಸಂಜೆ, ಸಂತೆ ದಿನ, ಅದರ ಬೀಗದ ಕೈ ಅವರಿಗೆ ಕೊಡಿ. ಲೈನ್ ಮನೆಯಲ್ಲಿ ಒಂದೇ ಕೋಣೆ, ಪಕ್ಕದ ಮನೆಯ ಮಗು ಮಲಗಿರುತ್ತದೆ, ಜೋರಾಗಿ ಬಾರಿಸಲು ಆಗುವುದಿಲ್ಲ. ಎಂತಹ ಶಾಲು ಹೊದೆಸಿದರೂ ಆ ಒಂದು ಬೀಗದ ಕೈಗೆ ಸಮ ಆಗುವುದಿಲ್ಲ. ಹಬ್ಬದ ದುಡ್ಡಿನಲ್ಲಿ ಸ್ವಲ್ಪ ಉಳಿದರೆ ಊರಿಗೆ ಹೋಗಿ ಬರುವವರ ಕೈಲಿ ಇನ್ನೊಂದು ಮಾದಲ್ ತರಿಸಲು ಕೊಡಿ. ಭವನದಲ್ಲಿ ಅದನ್ನು ಇಡುವುದಾದರೆ ನೆಲದ ಮೇಲೆ ಬೇಡ. ಯಾರದ್ದಾದರೂ ಮನೆಯ ಒಲೆ ಮೇಲಿನ ಅಟ್ಟದಲ್ಲಿ ಜಾಗ ಸಿಕ್ಕರೆ ಮಳೆಗಾಲದಲ್ಲಿ ಅಲ್ಲಿ ಇಡಿ, ಅಲ್ಲಿ ಬೆಚ್ಚಗಿರುತ್ತದೆ, ಬೂಷ್ಟು ಹಿಡಿಯುವುದಿಲ್ಲ. ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿ ಒಂದು ಶನಿವಾರ ಮಕ್ಕಳಿಗೆ ಝುಮುರ್ ಹೆಜ್ಜೆ ಹೇಳಿಕೊಡಲು ಆ ತಾಯಂದಿರನ್ನು ಕರೆಸಿ, ಅದಕ್ಕೂ ಗೌರವಧನ ಕೊಡಿ. ತನ್ನ ಅಮ್ಮ ಇಡೀ ಶಾಲೆಗೆ ಪಾಠ ಹೇಳುವುದನ್ನು ಆ ಮಗು ನೋಡಬೇಕು.

ಒಂದು ಎಚ್ಚರಿಕೆ ಮಾತ್ರ. ಡೊಳ್ಳು ಮತ್ತು ಮಾದಲ್ ಸೇರಿಸಿ ಎರಡು ದಿನದಲ್ಲಿ ಜುಗಲ್‌ಬಂದಿ ಮಾಡಿಬಿಡೋಣ ಅನ್ನುವ ಆತುರ ಬೇಡ. ಡೊಳ್ಳಿನ ದನಿಯ ಎದುರು ಮಾದಲ್ ಕೇಳುವುದೇ ಇಲ್ಲ. ಎರಡೂ ಕಡೆಯವರು ಒಂದಿಷ್ಟು ವಾರ ಒಬ್ಬರ ತಾಳ ಒಬ್ಬರು ಕೇಳಲಿ, ಕೈ ಬದಲಿಸಿ ಬಾರಿಸಿ ನೋಡಲಿ. ಆಗುವುದಿದ್ದರೆ ತಾನಾಗಿ ಆಗುತ್ತದೆ.

ಮುಂದಿನ ಸಂತೆ ದಿನ ಹೋಗುವಾಗ ಆ ಮಾದಲ್ ಬಾರಿಸುವವರ ಪೂರ್ತಿ ಹೆಸರು ಕೇಳಿಕೊಂಡು ಬನ್ನಿ. ನಿಮ್ಮ ಪತ್ರದಲ್ಲಿ ಅವರು ಇನ್ನೂ 'ಒಬ್ಬರು' ಅಂತ ಇದ್ದಾರೆ.